ಖಾರಾ ಬಿಸ್ಕತ್ತಿನ ಹಿಟ್ಟನ್ನು ಮೊದಲೇ ಕಲಸಿ ಫ್ರೀಜರಿನಲ್ಲಿ ಇಡುವುದು ಹೇಗೆ?

ಪ್ರಶ್ನೆ, ಮೈಸೂರಿನಿಂದ:
ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಹತ್ತು ಹನ್ನೆರಡು ಮಂದಿ ನೆಂಟರು ಬರುವವರಿದ್ದು, ಅವರಿಗೆ ಅಯ್ಯಂಗಾರ್ ಬೇಕರಿಯ ರುಚಿಯ ಖಾರಾ ಬಿಸ್ಕತ್ತನ್ನೂ ಬೆಣ್ಣೆ ಬಿಸ್ಕತ್ತನ್ನೂ ಮನೆಯಲ್ಲೇ ಮಾಡಬೇಕೆಂದಿದ್ದೇನೆ. ಹಬ್ಬದ ವಾರ ಚಕ್ಕುಲಿ, ಕಜ್ಜಾಯದ ಕೆಲಸವೇ ಕೈತುಂಬ ಇರುವುದರಿಂದ ಮೂರು ವಾರ ಮೊದಲೇ ಹಿಟ್ಟು ಕಲಸಿ ಫ್ರೀಜರಿನಲ್ಲಿಡುವ ಯೋಚನೆ. ಕಳೆದ ವರ್ಷ ಹೀಗೆ ಮಾಡಿ ಕೈಸುಟ್ಟುಕೊಂಡೆ. ಅರ್ಧ ಕಿಲೋ ಮೈದಾದ ಹಿಟ್ಟನ್ನು ಒಂದೇ ಮುದ್ದೆಯಾಗಿ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೆ. ಹೊರತೆಗೆದು ಮೂರು ಗಂಟೆ ಕಳೆದರೂ ನಡುಭಾಗ ಕಲ್ಲಿನಂತಿತ್ತು, ಅಂಚಿನಲ್ಲಿ ಮಾತ್ರ ಬೆಣ್ಣೆ ಕರಗಿ ಕೈಗೆ ಅಂಟುತ್ತಿತ್ತು. ಕೊತ್ತಂಬರಿ ಕಪ್ಪಾಗಿತ್ತು, ಬಿಸ್ಕತ್ತು ಹಗುರವಾಗಲೇ ಇಲ್ಲ. ತಪ್ಪಿದ್ದು ಎಲ್ಲಿ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ, ಬೆಂಗಳೂರಿನಿಂದ:
ಮನೆಯಿಂದಲೇ ಬಿಸ್ಕತ್ತು ಮಾಡಿಕೊಡುವ ನಾನು ವಾರಕ್ಕೊಮ್ಮೆ ಹಿಟ್ಟು ಕಲಸಿ ಫ್ರೀಜರಿಗೆ ಹಾಕುತ್ತೇನೆ. ಮುದ್ದೆಯಾಗಿ ಇಟ್ಟದ್ದೇ ನಿಮ್ಮ ಮುಖ್ಯ ತಪ್ಪು. ಹಿಟ್ಟನ್ನು ಸುಮಾರು 4 ಸೆಂ.ಮೀ. ದಪ್ಪದ ಕೊರಡಿನಂತೆ ಹೊಸೆದು, ಬಟರ್ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ 5 ಮಿ.ಮೀ. ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ. ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿಟ್ಟು, ಕಲ್ಲಿನಂತಾದ ಮೇಲೆ ಜಿಪ್ ಚೀಲಕ್ಕೆ ತುಂಬಿದರೆ ಬೇಕಾದಾಗ ಬೇಕಾದಷ್ಟೇ ತೆಗೆಯಬಹುದು. ಅವನ್ನು ಕರಗಲು ಬಿಡಬೇಡಿ. ತಣ್ಣಗಿರುವಾಗಲೇ ಮೊದಲೇ ಕಾಯಿಸಿದ 180 ಡಿಗ್ರಿ ಓವನ್ನಿಗೆ ಹಾಕಿ, ಎಂದಿಗಿಂತ ಎರಡು ಮೂರು ನಿಮಿಷ ಹೆಚ್ಚು ಬೇಯಿಸಿ. ಬೆಣ್ಣೆ ಗಟ್ಟಿಯಾಗಿರುವುದರಿಂದ ಬಿಸ್ಕತ್ತು ಹರಡದೆ ಆಕಾರ ಉಳಿಸಿಕೊಳ್ಳುತ್ತದೆ.

ಹಗುರವಾಗದಿರಲು ಕಾರಣ ಬಹುಶಃ ಅಡುಗೆ ಸೋಡಾ. ಮೊಸರಿನ ಹುಳಿಯೊಂದಿಗೆ ಸೇರಿದ ಕ್ಷಣದಿಂದಲೇ ಅದು ಅನಿಲ ಬಿಡತೊಡಗುತ್ತದೆ. ದೊಡ್ಡ ಮುದ್ದೆ ಒಳಗಿನವರೆಗೆ ಹೆಪ್ಪುಗಟ್ಟಿ, ಮತ್ತೆ ಕರಗುವಷ್ಟರಲ್ಲಿ ಅದರ ಕಸುವೆಲ್ಲ ಮುಗಿದಿರುತ್ತದೆ. ಸೋಡಾ ಬದಲು ಬೇಕಿಂಗ್ ಪೌಡರ್ ಬಳಸಿ. ಅಂಗಡಿಯಲ್ಲಿ ಸಿಗುವ ‘ಡಬಲ್ ಆಕ್ಟಿಂಗ್’ ಬಗೆಯದು ಒದ್ದೆಯಾದಾಗ ಸ್ವಲ್ಪ ಮಾತ್ರ ಕೆಲಸ ಮಾಡಿ, ಉಳಿದದ್ದನ್ನು ಓವನ್ನಿನ ಬಿಸಿಗೆ ಕಾದಿರಿಸುತ್ತದೆ. ಮೊಸರನ್ನೂ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ ಹಾಕಿ.

ಉತ್ತರ, ಶಿವಮೊಗ್ಗದಿಂದ:
ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಸೊಪ್ಪಿನ ವಿಷಯ ಮಾತ್ರ ಸೇರಿಸುತ್ತೇನೆ. ಹಸಿಮೆಣಸಿನಕಾಯಿ, ಕರಿಬೇವನ್ನು ತೊಳೆದು, ತೇವ ಆರುವವರೆಗೆ ಬಟ್ಟೆಯ ಮೇಲೆ ಹರಡಿ, ಸಣ್ಣಗೆ ಹೆಚ್ಚಿ ಬೆರೆಸಿ. ಕೊತ್ತಂಬರಿಯನ್ನು ಹಿಟ್ಟಿಗೆ ಹಾಕಲೇಬೇಡಿ. ಬೇಯಿಸುವ ದಿನ ಬಿಲ್ಲೆಗಳ ಮೇಲ್ಮೈ ಬೆರಳಿಗೆ ಚೂರು ಮೆತ್ತಗೆ ತಾಗುವವರೆಗೆ ಎರಡು ನಿಮಿಷ ಬಿಟ್ಟು, ಅದರ ಮೇಲೆ ಹೆಚ್ಚಿದ ಸೊಪ್ಪನ್ನು ಒತ್ತಿದರೆ ಹಸಿರು ಉಳಿಯುತ್ತದೆ, ಪರಿಮಳವೂ ಹೊಸದಾಗಿರುತ್ತದೆ. ನೀರಿನಂಶ ಕಡಿಮೆಯಿರುವ ಬೆಣ್ಣೆ ಬಿಸ್ಕತ್ತಿನ ಹಿಟ್ಟಿಗೆ ಈ ತಾಪತ್ರಯವಿಲ್ಲ. ಆದರೆ ಬೆಣ್ಣೆ ಅಕ್ಕಪಕ್ಕದ ವಾಸನೆಯನ್ನು ಬೇಗ ಹೀರಿಕೊಳ್ಳುವುದರಿಂದ ಎರಡು ಸುತ್ತು ಚೀಲ ಹಾಕಿ, ಮೇಲೆ ತಾರೀಖು ಬರೆಯಿರಿ. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಹಿಟ್ಟು ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ನಮ್ಮಲ್ಲಿರುವಂಥ ಒಂದೇ ಬಾಗಿಲಿನ ಫ್ರಿಜ್ಜಿನ ಫ್ರೀಜರ್ ಪೆಟ್ಟಿಗೆ ಆ ಮಟ್ಟದಲ್ಲಿ ನಿಲ್ಲುವ ಭರವಸೆಯಿಲ್ಲದ ಕಾರಣ ನಾನು ಒಂದು ತಿಂಗಳು ಮೀರಿಸುವುದಿಲ್ಲ. ಮಕ್ಕಳು ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಹಸಿ ಮೈದಾದಲ್ಲಿ ರೋಗಾಣುಗಳಿರಬಹುದು, ಅವು ಫ್ರೀಜರಿನ ಚಳಿಗೆ ಸಾಯುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಭಾನುವಾರವೇ 250 ಗ್ರಾಂ ಮೈದಾದಲ್ಲಿ ಮಾಡಿ ನೋಡುತ್ತೇನೆ. ನಮ್ಮ ಬಡಾವಣೆಯಲ್ಲಿ ಆಗಾಗ ಮೂರು ನಾಲ್ಕು ಗಂಟೆ ಕರೆಂಟು ಹೋಗುತ್ತದೆ. ಆಗ ಹಿಟ್ಟು ಹಾಳಾಗುವುದೇ?

ಉತ್ತರ, ಬೆಂಗಳೂರಿನಿಂದ:
ಬಾಗಿಲು ತೆರೆಯದಿದ್ದರೆ ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಫ್ರೀಜರ್ ತುಂಬಿದ್ದಷ್ಟೂ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಕರೆಂಟು ಬಂದ ಮೇಲೆ ಒಂದು ಬಿಲ್ಲೆಯನ್ನು ಒತ್ತಿ ನೋಡಿ. ಇನ್ನೂ ಗಟ್ಟಿಯಾಗಿದ್ದರೆ ಹಾಗೆಯೇ ಬಿಡಿ. ಮೆತ್ತಗಾಗಿದ್ದರೂ ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗಿದ್ದರೆ ಮತ್ತೆ ಹೆಪ್ಪುಗಟ್ಟಿಸದೆ ಅಂದೇ ಬೇಯಿಸಿ, ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ.