ಉಣುಗಿನ ಕಾಲದಲ್ಲೇ ಖೊಖೊ ಪಂದ್ಯಗಳು: ಸಂಶೋಧನೆ, ಆಟ ಎರಡನ್ನೂ ನಡೆಸುವುದು ಹೇಗೆ?

ಪ್ರಶ್ನೆ (ಸಂಶೋಧನಾರ್ಥಿ, ಶಂಕರಘಟ್ಟ)
ನಾನು ಪ್ರಾಣಿಶಾಸ್ತ್ರದ ಪಿಎಚ್‌ಡಿಯ ಎರಡನೆಯ ವರ್ಷದಲ್ಲಿದ್ದೇನೆ. ಮಂಗನ ಕಾಯಿಲೆ ಹರಡುವ ಉಣುಗುಗಳು ಸೊರಬ, ಸಾಗರ ತಾಲ್ಲೂಕುಗಳ ಕಾಡಿನಂಚಿನಲ್ಲಿ ಎಲ್ಲೆಲ್ಲಿ, ಎಷ್ಟೆಷ್ಟು ಇವೆ ಎಂಬುದು ನನ್ನ ವಿಷಯ. ಹೈಸ್ಕೂಲಿನಿಂದ ಖೊಖೊ ಆಡುತ್ತ ಬಂದು ಈಗ ವಿಶ್ವವಿದ್ಯಾಲಯದ ತಂಡದಲ್ಲಿದ್ದೇನೆ. ಕಾಡಿನಲ್ಲಿ ಮಾದರಿ ಸಂಗ್ರಹಿಸಬೇಕಾದ ಡಿಸೆಂಬರ್‌ನಿಂದ ಮೇವರೆಗಿನ ತಿಂಗಳುಗಳಲ್ಲೇ ನಮ್ಮ ತರಬೇತಿ ಶಿಬಿರವೂ ಪಂದ್ಯಗಳೂ ಬರುತ್ತವೆ. ಮಳೆಗಾಲದಲ್ಲಿ ಎರಡೂ ಇಲ್ಲ. ದಿನದ ಗಂಟೆಗಳನ್ನು ಹಂಚಿಕೊಳ್ಳಲು ಎಲ್ಲರೂ ಹೇಳುತ್ತಾರೆ, ಆದರೆ ಒಂದೇ ಋತುವನ್ನು ಎರಡು ಕೆಲಸಗಳಿಗೆ ಹಂಚುವ ಬಗೆಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ತೀರ್ಥಹಳ್ಳಿಯವಳು)
ನಾನು ಐರ್ಲೆಂಡಿನ ಗಾಲ್ವೇಯಲ್ಲಿ ಕೆಲವು ವರ್ಷ ಜೀವಕೋಶಗಳ ಮೇಲೆ ಕೆಲಸ ಮಾಡಿದ್ದೆ. ನಮ್ಮ ಪ್ರಯೋಗಾಲಯದ ಗೆಳತಿಯೊಬ್ಬಳು ಕಮೋಗಿ ಆಡುತ್ತಿದ್ದಳು. ತಂಡಕ್ಕೆ ಹದಿನೈದು ಹೆಂಗಸರು ಮರದ ಕೋಲು ಹಿಡಿದು ಆಡುವ ಈ ಆಟದ ಸಂಘ 1904ರಲ್ಲೇ ಹುಟ್ಟಿತು. ಅಲ್ಲಿನ ವಿಶ್ವವಿದ್ಯಾಲಯಗಳು ಆಡುವ ಆಶ್‌ಬೋರ್ನ್ ಕಪ್ ಆರಂಭವಾದದ್ದು 1915ರಲ್ಲಿ. ಆಟಗಾರ್ತಿಯರಿಗೆ ಸಂಬಳವಿಲ್ಲ, ಆದ್ದರಿಂದ ಉದ್ಯೋಗವೋ ಓದೋ ಜೊತೆಗಿರಲೇಬೇಕು. ಅವಳು ಪಂದ್ಯಗಳ ದಿನಾಂಕಗಳನ್ನು ಮೊದಲು ಗುರುತಿಸಿಕೊಂಡು, ಕೋಶಗಳ ಆರೈಕೆಯ ದಿನ ಅವುಗಳ ಮೇಲೆ ಬೀಳದಂತೆ ಹಿಂದಕ್ಕೆ ಎಣಿಸಿ ಪ್ರಯೋಗವನ್ನು ಆರಂಭಿಸುತ್ತಿದ್ದಳು. ಆ ಪಟ್ಟಿಯ ಒಂದು ಪ್ರತಿ ಮಾರ್ಗದರ್ಶಕರ ಮೇಜಿನ ಮೇಲೂ ಇರುತ್ತಿತ್ತು.

ಉತ್ತರ 2 (ಕ್ಷೇತ್ರಕಾರ್ಯದವನು, ಸಾಗರ)
ಮೇಡಂ ಹೇಳಿದ್ದು ಪ್ರಯೋಗಾಲಯಕ್ಕೆ ಸರಿ. ಉಣುಗು ನಮ್ಮ ಪಟ್ಟಿ ನೋಡಿ ಹುಟ್ಟುವುದಿಲ್ಲ. ಆದರೆ ಪ್ರಶ್ನೆ ಕೇಳಿದವರು ಒಂದು ಅನುಕೂಲವನ್ನು ಗಮನಿಸಿದಂತಿಲ್ಲ. ತರಗೆಲೆಯ ಮೇಲೆ ಬಿಳಿ ಬಟ್ಟೆ ಎಳೆದು ಉಣುಗು ಹಿಡಿಯುವಾಗ ಬಟ್ಟೆ ಇಬ್ಬನಿಯಲ್ಲಿ ತೊಯ್ದರೆ ಅವು ಸರಿಯಾಗಿ ಅಂಟಿಕೊಳ್ಳುವುದಿಲ್ಲವಾದ್ದರಿಂದ, ನಮ್ಮ ಕಡೆಯ ಚಳಿಗಾಲದಲ್ಲಿ ಇಬ್ಬನಿ ಆರುವವರೆಗೆ ಕಾಡಿಗೆ ಹೋಗಿಯೂ ಪ್ರಯೋಜನವಿಲ್ಲ. ಬೆಳಗಿನ ಅಭ್ಯಾಸಕ್ಕೆ ಆ ಹೊತ್ತು ಸಾಕು. ಉಳಿಯುವುದು ಊರು ಬಿಟ್ಟು ಹೋಗುವ ಪಂದ್ಯದ ವಾರ ಮಾತ್ರ. ಪ್ರತಿ ಜಾಗಕ್ಕೂ ಹದಿನೈದು ದಿನಕ್ಕೊಮ್ಮೆ ಹೋಗುವಂತೆ ಈಗಲೇ ಯೋಜನೆ ಬರೆದರೆ ಆ ವಾರವನ್ನು ಎರಡು ಭೇಟಿಗಳ ನಡುವೆ ಕೂರಿಸಬಹುದು. ಆಮೇಲೆ ಅಂಕಿಗಳಲ್ಲಿ ತೂತು ಬಿದ್ದರೆ ಯಾವ ಸಂಖ್ಯಾಶಾಸ್ತ್ರವೂ ಅದನ್ನು ಹೊಲಿಯಲಾರದು.

ಉತ್ತರ 3 (ನಿವೃತ್ತ ದೈಹಿಕ ಶಿಕ್ಷಕ, ಹೊಸನಗರ)
ತಂಗಿ, ಸಮಯ ಹೊಂದಿದರೂ ಕಾಲು ಹೊಂದಬೇಕಲ್ಲ. ಇಡೀ ದಿನ ಗುಡ್ಡ ಹತ್ತಿಳಿದು ಬಂದ ಸಂಜೆಯೇ ಅಂಕಣದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಖೋ ಸಿಕ್ಕೊಡನೆ ಚಿಮ್ಮಿ ಓಡಿದರೆ ಮೊಣಕಾಲು ಕೈಕೊಡುತ್ತದೆ. ಕಾಡಿನ ದಿನಗಳಲ್ಲಿ ಸಂಜೆಯ ಅಭ್ಯಾಸ ಬೇಡ. ಅಲ್ಲದೆ ಉಣುಗು ಕಚ್ಚದಂತೆ ತಡೆಯುವ ಡೇಪಾ ತೈಲ ಹಚ್ಚದೆ ಕಾಡಿಗೆ ಹೋಗಬೇಡಿ, ಮರಳಿ ಬಂದು ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸದೆ ತಂಡದವರ ಪಕ್ಕ ಕೂರಬೇಡಿ. 1957ರಲ್ಲಿ ಕ್ಯಾಸನೂರಿನಲ್ಲಿ ಪತ್ತೆಯಾದ ಈ ಮಂಗನ ಕಾಯಿಲೆ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನವರನ್ನು ಹೇಗೆ ನಲುಗಿಸಿತೆಂಬುದು ನಿಮಗೆ ನಾನು ಹೇಳಬೇಕಾದದ್ದಲ್ಲ.

ಪ್ರಶ್ನೆ ಕೇಳಿದವರು
ಇಬ್ಬನಿಯ ವಿಷಯ ತಿಳಿದಿತ್ತು, ಸರ್. ಅದನ್ನು ಅಭ್ಯಾಸದ ವೇಳೆಯೊಂದಿಗೆ ಜೋಡಿಸಿ ನೋಡಿರಲಿಲ್ಲ. ಹದಿನೈದು ದಿನದ ಯೋಜನೆಯನ್ನೂ ಪಂದ್ಯಗಳ ದಿನಾಂಕಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಸೋಮವಾರ ಮಾರ್ಗದರ್ಶಕರಿಗೆ ತೋರಿಸುತ್ತೇನೆ. ಸಂಜೆಯ ಅಭ್ಯಾಸ ಬಿಡಲು ತರಬೇತುದಾರರನ್ನು ಒಪ್ಪಿಸುವುದೇ ಹೆಚ್ಚು ಕಷ್ಟವಾದೀತು.