ಹೊಟ್ಟೆನೋವಿಗೆ ಹೊಸ ಅಂಗಿ

"ಅಲ್ಲ ಕಣೋ ನಾಣಿ, ಶಾಮಣ್ಣನ ಲ್ಯಾಪ್‌ಟಾಪಿಗೆ ಇದು ಎಷ್ಟನೇ ಲಿನಕ್ಸು?"

"ಹಾಗೆಲ್ಲ ಲೆಕ್ಕ ಇಡಬಾರದು ಸರೋಜಕ್ಕ. ಒಂದೇ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗೆ ಹತ್ತಾರು ಡಿಸ್ಟ್ರೋ, ಅಂದರೆ ಬೇರೆ ಬೇರೆ ರೂಪ. ಮಿಂಟ್ ಹಾಕಿದ್ವಿ, ವೈಫೈ ಏಳಲಿಲ್ಲ. ಫೆಡೋರಾ ಹಾಕಿದ್ವಿ, ಸ್ವಲ್ಪ ಎದ್ದ ಹಾಗಾಯ್ತು..."

"ಎದ್ದಿದ್ದು ನಾನು ಕಣಯ್ಯಾ," ಅಂದರು ಶಾಮಣ್ಣ. "ಕುರ್ಚಿ ಬಿಟ್ಟೆದ್ದು, ಲ್ಯಾಪ್‌ಟಾಪ್ ಹೊತ್ಕೊಂಡು ಹೋಗಿ ರೂಟರ್ ಬುಡದಲ್ಲಿ ಕೂತೆ. ಅಲ್ಲಿ ಸಿಗ್ನಲ್ ಬಂತು. ಈಗಲೂ ಅಷ್ಟೇ. ರೂಟರಿಗೆ ಒಂದು ಮೊಳದಲ್ಲಿದ್ದರೆ ಇಂಟರ್ನೆಟ್ಟು, ಬಾಗಿಲು ದಾಟಿದರೆ ಸನ್ಯಾಸ."

"ಅದಕ್ಕೇ ಆರ್ಚ್ ಹಾಕಿಬಿಡೋಣ ಅಂತಿರೋದು," ಅಂದ ನಾಣಿ. ಪೆನ್‌ಡ್ರೈವ್ ಆಗಲೇ ಜೇಬಿನಿಂದ ಹೊರಗೆ ಬಂದಿತ್ತು.

"ಹೊಟ್ಟೆನೋವು ಅಂತ ಬಂದವರಿಗೆ ಅಂಗಿ ಬದಲಾಯಿಸಿ ಅಂತೀಯಲ್ಲೋ," ಅಂದರು ಸರೋಜಕ್ಕ. "ಹಸಿರಂಗಿ ತೊಡಿಸಿದೆ, ನೋವು ಹೋಗಲಿಲ್ಲ. ನೀಲಿ ಅಂಗಿ ತೊಡಿಸಿದೆ, ಹೋಗಲಿಲ್ಲ. ಈಗ ಗುಂಡಿ ಕಾಜಾ ಎಲ್ಲ ತಾವೇ ಹೊಲ್ಕೋಬೇಕಾದ ಅಂಗಿ ತಂದಿದೀಯ."

"ಅಂಗಿಗೂ ಅಂಗಿಗೂ ವ್ಯತ್ಯಾಸ ಇರಲ್ವಾ ಅಕ್ಕ?"

"ಇರತ್ತೆ. ಕಾಲರ್ ಬೇರೆ, ಜೇಬು ಬೇರೆ. ಒಳಗಿರೋ ಹೊಟ್ಟೆ ಒಂದೇ. ಕಾರ್ಡನ್ನ ಓಡಿಸೋ ವೈಫೈ ಡ್ರೈವರ್ ಇರೋದು ಕರ್ನಲ್‌ನಲ್ಲಿ, ಅಂದರೆ ಲಿನಕ್ಸಿನ ತಿರುಳಲ್ಲಿ, ಆ ಕರ್ನಲ್ ಎಲ್ಲರಿಗೂ ಒಂದೇ ಮೂಲದಿಂದ ಬರೋದು. ಚಿಪ್ಪಿಗೆ ತುಂಬೋ ಫರ್ಮ್‌ವೇರೂ, ಅಂದರೆ ಚಿಪ್ಪಿನೊಳಗೆ ಓಡೋ ಪುಟ್ಟ ಪ್ರೋಗ್ರಾಮೂ, ಲಿನಕ್ಸ್-ಫರ್ಮ್‌ವೇರ್ ಅನ್ನೋ ಒಂದೇ ಗಂಟಿನಿಂದ ಬರೋದು. ವ್ಯತ್ಯಾಸ ಅಂತ ಇದ್ದರೆ ಎರಡೇ: ಕರ್ನಲ್ ಎಷ್ಟು ಹೊಸದು, ಫರ್ಮ್‌ವೇರ್ ಜೊತೇಲೇ ಕೊಟ್ಟಿದಾರಾ ಇಲ್ವಾ. ಇಂಟೆಲ್‌ನ ಎಎಕ್ಸ್210 ಕಾರ್ಡಿಗೆ 5.10 ಕರ್ನಲ್ ಬೇಕು. ರಿಯಲ್‌ಟೆಕ್ 8852ಎಇಗೆ 5.16. ಅದಕ್ಕಿಂತ ಹಳೇ ಕರ್ನಲ್ ಇಟ್ಕೊಂಡು ಕೂತರೆ ಕಾರ್ಡ್ ಮಾತಾಡಲ್ಲ. ಆಗ ಕರ್ನಲ್ ಒಂದನ್ನ ಹೊಸದು ಮಾಡಿದರೆ ಸಾಕು, ಇಡೀ ಡಿಸ್ಕ್ ಒರೆಸಬೇಕಾಗಿಲ್ಲ. ಇನ್ನು ಡೆಬಿಯನ್ ಅನ್ನೋ ಡಿಸ್ಟ್ರೋದವರು ಮುಕ್ತವಲ್ಲದ ಫರ್ಮ್‌ವೇರನ್ನ ಅಧಿಕೃತ ಇನ್‌ಸ್ಟಾಲರ್ ಒಳಗೆ ಬಿಟ್ಕೊಂಡೇ ಇರಲಿಲ್ಲ. 2022ರಲ್ಲಿ ಮತ ಹಾಕಿ ತೀರ್ಮಾನ ಮಾಡಿ, 2023ರಲ್ಲಿ ಬಂದ 12ನೇ ಆವೃತ್ತಿಯಿಂದ ಸೇರಿಸಿದರು."

"ನಾನಾಗಿದ್ದರೆ ಒಂದು ಕಮಾಂಡ್ ಅಂಟಿಸಿ ಮುಗಿಸ್ತಿದ್ದೆ," ಅಂದ ಗುಂಡ.

"ಯಾವ ಕಮಾಂಡು?"

"ಸಿಕ್ಕಿದ್ದು."

ಶಾಮಣ್ಣ ಲ್ಯಾಪ್‌ಟಾಪನ್ನು ಮೆಲ್ಲಗೆ ಗುಂಡನಿಂದ ದೂರ ಸರಿಸಿಕೊಂಡರು.

"ಹೋದ ಸಲ ನಿನ್ನ ಲ್ಯಾಪ್‌ಟಾಪಿಗೆ ಏನು ಅಂಟಿಸಿದ್ದೆ ಹೇಳು," ಅಂದರು ಸರೋಜಕ್ಕ.

"ಡಬ್ಲ್ಯುಲ್ಯಾನ್0 ಅಂತಿದ್ದ ಸಾಲು. ಅಂಥ ಸಾಧನವೇ ಇಲ್ಲ ಅಂತು. ಕಾರ್ಡ್ ಸತ್ತಿದೆ ಅಂದ್ಕೊಂಡೆ."

"ಸತ್ತಿಲ್ಲ ಕಣೋ, ನೀನು ಬೇರೆಯವರ ಹೆಸರಿಟ್ಟು ಕೂಗಿದೀಯ. 2013ರಿಂದ ಸಿಸ್ಟಂಡಿ, ಅಂದರೆ ಲಿನಕ್ಸಲ್ಲಿ ಸೇವೆಗಳನ್ನ ನಡೆಸೋ ಪ್ರೋಗ್ರಾಮು, ಕಾರ್ಡ್ ಕೂತಿರೋ ಜಾಗ ನೋಡಿ ಹೆಸರಿಡತ್ತೆ. ಡಬ್ಲ್ಯುಎಲ್‌ಪಿ2ಎಸ್0 ಅಂದರೆ ಪಿಸಿಐನ 2ನೇ ಬಸ್ಸು, 0ನೇ ಸ್ಲಾಟು. ಐಪಿ ಲಿಂಕ್ ಅಂತ ಹೊಡೆದರೆ ನಿನ್ನ ಕಾರ್ಡಿನ ಹೆಸರು ಅದೇ ಹೇಳತ್ತೆ. ಅದಿರಲಿ, ಆಮೇಲೆ ಇನ್ನೊಂದು ಅಂಟಿಸಿದ್ದೆಯಲ್ಲ?"

"11ಎನ್ ಡಿಸೇಬಲ್ ಈಕ್ವಲ್ ಟು 1. ಇಂಟೆಲ್ ಕಾರ್ಡಿಗೆ ರಾಮಬಾಣ ಅಂತ ಬರೆದಿದ್ದರು. ವೈಫೈ ಕಟ್ ಆಗೋದು ನಿಂತುಹೋಯ್ತು ಅಕ್ಕ."

"ವೇಗ?"

"54ಕ್ಕಿಂತ ಮೇಲೆ ಹೋಗ್ತಿಲ್ಲ."

"ಹೇಗೆ ಹೋಗತ್ತೆ? 11ಎನ್ ಅನ್ನೋ ವೇಗದ ವೈಫೈ ಮಟ್ಟ ಮತ್ತು ಅದರ ಮುಂದಿನದೆಲ್ಲ ಮುಚ್ಚು ಅಂತ ನೀನೇ ಬರೆದುಕೊಟ್ಟಿದೀಯ. ಕಾರ್ಡು ಹಳೇ ಕಾಲದ 54 ಮೆಗಾಬಿಟ್ಟಿಗೆ ಇಳಿದಿದೆ. ಇದು ಅಂಗಿ ಬದಲಾಯಿಸಿದ್ದೂ ಅಲ್ಲ, ದಾರೀಲಿ ಬಿದ್ದಿದ್ದ ಅಂಗಿ ತೊಟ್ಟಿದ್ದು. ಕಟ್ ಆಗ್ತಿದ್ದರೆ ಮೊದಲು ಪವರ್‌ಸೇವ್ ನೋಡಬೇಕು. ನೆಟ್‌ವರ್ಕ್ ಮ್ಯಾನೇಜರ್‌ನ ಕಡತದಲ್ಲಿ ವೈಫೈ ಡಾಟ್ ಪವರ್‌ಸೇವ್ ಅಂತ ಸಾಲಿರತ್ತೆ, ಇಲ್ಲದಿದ್ದರೆ ಹಾಕ್ಕೋಬೇಕು. 3 ಅಂದರೆ ಆನ್, 2 ಅಂದರೆ ಆಫ್. ಅದನ್ನ 2 ಮಾಡಿ, ಸರ್ವಿಸ್ ಮತ್ತೆ ಶುರು ಮಾಡು."

"2 ಅಂದರೆ ಆಫಾ? ಇದ್ಯಾವ ನ್ಯಾಯ?"

"ಅದನ್ನ ಕೇಳಬೇಡ. 0 ಅಂದರೆ ಡೀಫಾಲ್ಟ್, 1 ಅಂದರೆ ಮುಟ್ಟಬೇಡ. ಹಾಗಾಗಿ ಆಫ್‌ಗೆ 2 ಉಳೀತು."

"ನನ್ನ ಕಥೆ ಯಾವಾಗ ಬರತ್ತೆ?" ಅಂತ ಕೇಳಿದರು ಶಾಮಣ್ಣ.

"ಟರ್ಮಿನಲ್, ಅಂದರೆ ಕಮಾಂಡ್ ಹೊಡೆಯೋ ಕಿಟಕಿ, ತೆಗೀರಿ. ಎಲ್‌ಎಸ್‌ಪಿಸಿಐ, ಒಂದು ಸ್ಪೇಸು, ಮೈನಸ್ ಎನ್‌ಎನ್‌ಕೆ. ಎರಡು ಎನ್ ಬೇಕು, ಆಗಲೇ ಹೆಸರೂ ನಂಬರೂ ಎರಡೂ ಕಾಣೋದು. ಒಳಗಿನ ಕಾರ್ಡುಗಳ ಪಟ್ಟಿ ಬರತ್ತೆ. ಅದರಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಅಂತಿರೋ ಸಾಲು ಹುಡುಕಿ. ಚೌಕ ಕಂಸದಲ್ಲಿ ಏನಿದೆ?"

"10ಇಸಿ ಕೋಲನ್ ಬಿ723."

"10ಇಸಿ ಅಂದರೆ ರಿಯಲ್‌ಟೆಕ್. 8086 ಅಂದಿದ್ದರೆ ಇಂಟೆಲ್, 14ಇ4 ಅಂದಿದ್ದರೆ ಬ್ರಾಡ್‌ಕಾಮ್, 168ಸಿ ಅಂದಿದ್ದರೆ ಎಥೆರೋಸ್. ಡಬ್ಬದ ಮೇಲಿನ ಹೆಸರು ನಂಬೋ ಹಾಗಿಲ್ಲ, ಈ ನಂಬರೊಂದೇ ನಿಜ. ಟಿಎಲ್-ಡಬ್ಲ್ಯುಎನ್722ಎನ್ ಅನ್ನೋ ಯುಎಸ್‌ಬಿ ವೈಫೈ ಡಾಂಗಲ್ ಇದೆಯಲ್ಲ, ಮೊದಲ ಆವೃತ್ತೀಲಿ ಎಥೆರೋಸ್ ಚಿಪ್ಪು, ಎರಡನೇದರಲ್ಲಿ ರಿಯಲ್‌ಟೆಕ್ಕು. ಡಬ್ಬದ ಮೇಲೆ ಎರಡಕ್ಕೂ ಒಂದೇ ಹೆಸರು. ಡ್ರೈವರ್ ಮಾತ್ರ ಬೇರೆ ಬೇರೆ."

"ಕಾರ್ಡೇ ಕಾಣದಿದ್ದರೆ?" ಅಂದ ನಾಣಿ.

"ಪಿಸಿಐ ಪಟ್ಟೀಲಿ ಇಲ್ಲದ್ದು ಡ್ರೈವರಿನ ತಪ್ಪಲ್ಲ. ಬಯೋಸ್‌ನಲ್ಲಿ ಆಫ್ ಮಾಡಿರಬೇಕು, ಇಲ್ಲ ಕಾರ್ಡು ಸ್ಲಾಟ್ ಬಿಟ್ಟು ಸಡಿಲ ಆಗಿರಬೇಕು. ಡಾಂಗಲ್ ಆದರೆ ಎಲ್‌ಎಸ್‌ಯುಎಸ್‌ಬಿಲಿ ನೋಡಬೇಕು. ಅಲ್ಲಿ 0ಬಿಡಿಎ:1ಎ2ಬಿ ಅಂತ ಕಂಡರೆ ಡಾಂಗಲ್ಲು ತಾನೊಂದು ಸಿಡಿ ಅಂತ ವೇಷ ಹಾಕಿದೆ. ವಿಂಡೋಸ್ ಡ್ರೈವರ್ ಅದರ ಹೊಟ್ಟೇಲೇ ಇರತ್ತೆ. ಯುಎಸ್‌ಬಿ-ಮೋಡ್‌ಸ್ವಿಚ್ ಅನ್ನೋ ಪ್ಯಾಕೇಜು ಹಾಕಿದರೆ ವೇಷ ಕಳಚಿ ಕಾರ್ಡಾಗತ್ತೆ. ಸುಮ್ಮನೆ ಇಜೆಕ್ಟ್ ಮಾಡಿದರೂ ಕೆಲವು ಸಲ ಆಗೋದುಂಟು. ಶಾಮಣ್ಣ, ಕೆಳಗಿನ ಸಾಲು ಓದಿ, ಕರ್ನಲ್ ಡ್ರೈವರ್ ಇನ್ ಯೂಸ್ ಅಂತಿರೋದು."

"ಆರ್‌ಟಿಎಲ್8723ಬಿಇ."

"ಡ್ರೈವರ್ ಇದೆಯಲ್ಲ!" ನಾಣಿಗೆ ಅವಮಾನವಾದಂತಾಯಿತು.

"ನೀನು ತೊಡಿಸಿದ ಎಲ್ಲ ಅಂಗಿಯೊಳಗೂ ಇದೇ ಇತ್ತು. ಆ ಸಾಲೇ ಇಲ್ಲದಿದ್ದರೆ ಡ್ರೈವರ್ ಹುಡುಕಬೇಕಿತ್ತು. ಈಗ ಆರ್‌ಎಫ್‌ಕಿಲ್ ಲಿಸ್ಟ್ ಹೊಡೀರಿ, ವೈಫೈಗೆ ಬೀಗ ಬಿದ್ದಿದೆಯಾ ಅಂತ ಹೇಳತ್ತೆ. ಸಾಫ್ಟ್, ಹಾರ್ಡ್ ಎರಡೂ ನೋ ಅಂತಿರಬೇಕು. ಸಾಫ್ಟ್ ಯೆಸ್ ಅಂದರೆ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ ಅಂದರೆ ತೆರೆಯತ್ತೆ. ಹಾರ್ಡ್ ಯೆಸ್ ಅಂದರೆ ಪಕ್ಕದಲ್ಲಿರೋ ಗುಂಡಿ ಒತ್ತಬೇಕು, ಅದಕ್ಕೆ ಕಮಾಂಡಿಲ್ಲ."

"ಎರಡೂ ನೋ."

"ಸುಡೋ ಡಿಮೆಸೇಜ್, ಅದು ಕರ್ನಲ್ಲಿನ ದಿನಚರಿ. ಫರ್ಮ್‌ವೇರ್ ಅಂತಿರೋ ಸಾಲುಗಳಲ್ಲಿ ಮೈನಸ್ 2 ಇದೆಯಾ?"

"ನನ್ನದರಲ್ಲಿ ಬೇಕಾದಷ್ಟಿದೆ!" ಗುಂಡ ಆಗಲೇ ತನ್ನ ಲ್ಯಾಪ್‌ಟಾಪ್ ತೆರೆದು ಕೂತಿದ್ದ. "ಕೆಂಪು ಅಕ್ಷರದಲ್ಲಿ ಸಾಲು ಸಾಲಾಗಿ ಫೇಲ್ಡ್, ಫೇಲ್ಡ್, ಫೇಲ್ಡ್."

"ಕೊನೇ ಸಾಲು ಓದು."

"ಲೋಡೆಡ್ ಫರ್ಮ್‌ವೇರ್ ವರ್ಷನ್ ಅಂತಿದೆ."

"ಅಷ್ಟೇ. ಮೈನಸ್ 2 ಅಂದರೆ ಕಡತ ಸಿಗಲಿಲ್ಲ ಅಂತ. ಇಂಟೆಲ್ ಡ್ರೈವರು ದೊಡ್ಡ ನಂಬರಿನ ಕಡತದಿಂದ ಶುರುಮಾಡಿ ಒಂದೊಂದಾಗಿ ಕೆಳಗಿಳೀತಾ ಕೇಳತ್ತೆ. ಸಿಕ್ಕ ಕಡೆ ನಿಲ್ಲತ್ತೆ. ಒಂದೂ ಸಿಗದಿದ್ದರೆ ಮಾತ್ರ ಫರ್ಮ್‌ವೇರ್ ಪ್ಯಾಕೇಜ್ ಹಾಕಬೇಕು."

"ಹಾಕೋಕೆ ಇಂಟರ್ನೆಟ್ ಬೇಕಲ್ಲ, ಇಂಟರ್ನೆಟ್ಟಿಗೆ ಫರ್ಮ್‌ವೇರ್ ಬೇಕಲ್ಲ," ಅಂದರು ಶಾಮಣ್ಣ.

"ಆಂಡ್ರಾಯ್ಡ್ ಫೋನಿಗೆ ಯುಎಸ್‌ಬಿ ಕೇಬಲ್ ಚುಚ್ಚಿ, ಟೆದರಿಂಗ್ ಒತ್ತಿ. ಅದರ ಡ್ರೈವರ್ ಕರ್ನಲ್‌ನಲ್ಲೇ ಇರತ್ತೆ, ತಂತಿ ನೆಟ್‌ವರ್ಕ್ ಅಂತ ಬಂದು ಕೂರತ್ತೆ. ಫೋನು ವೈಫೈಲಿದ್ದರೆ ಸಾಮಾನ್ಯವಾಗಿ ಆ ವೈಫೈಯನ್ನೇ ಹಂಚತ್ತೆ. ಇಷ್ಟು ಗೊತ್ತಿದ್ದಿದ್ದರೆ ನೀವು ರೂಟರ್ ಬುಡದಲ್ಲಿ ತಪಸ್ಸು ಮಾಡಬೇಕಿರಲಿಲ್ಲ."

"ಡ್ರೈವರ್ ಸರಿಯಿಲ್ಲದಿದ್ದರೆ ನಾನು ಗಿಟ್‌ನಿಂದ ಇಳಿಸಿ ಕಂಪೈಲ್ ಮಾಡ್ತೀನಿ," ಅಂದ ನಾಣಿ. "ಮೇಕ್, ಮೇಕ್ ಇನ್‌ಸ್ಟಾಲ್. ಒಂದು ವಾರ ಚೆನ್ನಾಗಿ ಓಡತ್ತೆ, ಆಮೇಲೆ ತಾನಾಗೇ ಕೆಡತ್ತೆ. ಆಗ ಡಿಸ್ಟ್ರೋ ಬದಲಾಯಿಸ್ತೀನಿ."

"ತಾನಾಗೇ ಕೆಡಲ್ಲ. ನೀನು ಹಾಕಿದ ಮಾಡ್ಯೂಲ್, ಅಂದರೆ ಡ್ರೈವರಿನ ಕಡತ, ಅವತ್ತಿನ ಕರ್ನಲ್ಲಿನ ಫೋಲ್ಡರಿನಲ್ಲಿ ಕೂತಿರತ್ತೆ. ಅಪ್‌ಡೇಟ್ ಬಂದು ಹೊಸ ಕರ್ನಲ್ ಏರಿದರೆ ಅದರ ಫೋಲ್ಡರೇ ಬೇರೆ, ಅಲ್ಲಿ ನಿನ್ನ ಮಾಡ್ಯೂಲ್ ಇಲ್ಲ. ಡಿಕೆಎಂಎಸ್ ಅನ್ನೋ ಪ್ರೋಗ್ರಾಮಿನ ಮೂಲಕ ಹಾಕಿದರೆ ಪ್ರತಿ ಕರ್ನಲ್ಲಿಗೂ ಅದೇ ಕಟ್ಟಿಕೊಡತ್ತೆ. ಆದರೆ ಕಟ್ಟೋಕೆ ಬೇಕಾದ ಆ ಕರ್ನಲ್ಲಿನ ಹೆಡರ್ಸ್ ಕಡತಗಳು ಇರಬೇಕು, ಇಲ್ಲದಿದ್ದರೆ ಅಪ್‌ಡೇಟ್ ಮುಗಿದ ಮೇಲೆ ಮಾಡ್ಯೂಲೂ ಇರಲ್ಲ, ಹೆಡರ್ಸ್ ಇಳಿಸೋಕೆ ವೈಫೈಯೂ ಇರಲ್ಲ. ಮೇಲೆ ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿಯಿಲ್ಲದ ಮಾಡ್ಯೂಲನ್ನ ಕರ್ನಲ್ ಒಳಗೇ ಬಿಡಲ್ಲ. ಕೀ ವಾಸ್ ರಿಜೆಕ್ಟೆಡ್ ಅಂತ ಬಾಗಿಲಲ್ಲೇ ನಿಲ್ಲಿಸತ್ತೆ."

"ಅದಕ್ಕೊಂದು ನೀಲಿ ಪರದೆ ಬರತ್ತಲ್ಲ. ಏನೋ ಒತ್ತಿ ಅಂತು. ವಿಂಡೋಸ್ ನೆನಪಾಗಿ ಹೆದರಿ ಸುಮ್ಮನಿದ್ದೆ."

"ಸುಮ್ಮನಿದ್ದರೆ 10 ಸೆಕೆಂಡಿಗೆ ಹೋಗಿಬಿಡತ್ತೆ. ಅಷ್ಟರಲ್ಲಿ ಒಂದು ಕೀ ಒತ್ತಿ, ಎನ್‌ರೋಲ್ ಮೋಕ್, ಅಂದರೆ ನಿನ್ನ ಸಹಿಯ ಕೀ ಸೇರಿಸೋದನ್ನ, ಆರಿಸಿ, ಹಾಕುವಾಗ ಇಟ್ಟ ಪಾಸ್‌ವರ್ಡ್ ಕೊಡಬೇಕು. ತಪ್ಪಿಸ್ಕೊಂಡರೆ ಮೋಕ್‌ಯುಟಿಲ್ ಅನ್ನೋ ಕಮಾಂಡಿನಿಂದ ಮತ್ತೆ ಮೊದಲಿಂದ."

"ಹಾರ್ಡ್ ಬ್ಲಾಕಿಲ್ಲ, ಫರ್ಮ್‌ವೇರ್ ಇದೆ, ಡ್ರೈವರ್ ಇದೆ," ಅಂದರು ಶಾಮಣ್ಣ. "ಎಲ್ಲ ಇದ್ದೂ ನಾನ್ಯಾಕೆ ರೂಟರ್ ಕಾವಲಿಗೆ ಕೂತಿದೀನಿ?"

"ಐಡಬ್ಲ್ಯು ಡೆವ್, ನಿಮ್ಮ ಕಾರ್ಡಿನ ಹೆಸರು, ಲಿಂಕ್. ಸಿಗ್ನಲ್ ಎಷ್ಟು?"

"ಮೈನಸ್ 86."

"ರೂಟರ್ ಕಣ್ಣೆದುರಿಗಿದೆ. ಇಲ್ಲಿ ಮೈನಸ್ 50ರ ಆಸುಪಾಸು ಇರಬೇಕು. 90 ಹತ್ತಿರ ಹೋಯಿತು ಅಂದರೆ ಕಿವುಡು. ಕೆಳಗಿನ ಮುಚ್ಚಳ ಬಿಚ್ಚಿ ನೋಡಿದರೆ ಕಾರಣ ಕಾಣತ್ತೆ. ಅಂಚೆಚೀಟಿಯಷ್ಟು ದೊಡ್ಡ ಹಸಿರು ಕಾರ್ಡಿನ ಅಂಚಲ್ಲಿ ಎರಡು ಪುಟ್ಟ ಚಿನ್ನದ ಬಣ್ಣದ ಗುಬಟುಗಳಿರತ್ತೆ, ಆಂಟೆನಾ ತಂತಿ ಒತ್ತಿ ಕೂರಿಸೋ ಜಾಗ. ಕೆಲವು ಲ್ಯಾಪ್‌ಟಾಪಿನಲ್ಲಿ ಒಂದೇ ತಂತಿ ಎಳೆದಿದಾರೆ. ಯಾವ ಗುಬಟಿಗೆ ತಂತಿ ಅಂತ ಕಾರ್ಡಿನ ಸ್ಮರಣೇಲಿ ಬರೆದಿರಬೇಕು. ಅಲ್ಲಿ ತಪ್ಪಾಗಿ ಬರೆದಿದೆ. ಹಾಗಾಗಿ ಡ್ರೈವರು ತಂತಿಯಿಲ್ಲದ ಗುಬಟಿಗೆ ಕಿವಿಗೊಟ್ಟು ಕೂತಿದೆ."

ಶಾಮಣ್ಣ ಲ್ಯಾಪ್‌ಟಾಪನ್ನು ತಿರುಗಿಸಿ ಹೊಟ್ಟೆ ನೋಡಿದರು. "ನಾಣಿ ಯಾವ ಅಂಗಿ ತಂದರೂ..."

"ತಂತಿ ಆ ಕಡೇಗೇ ಇರತ್ತೆ. ಈಗ ಟೈಪ್ ಮಾಡಿ. ಸುಡೋ ಮಾಡ್‌ಪ್ರೋಬ್ ಮೈನಸ್ ಆರ್ ಆರ್‌ಟಿಎಲ್8723ಬಿಇ. ವೈಫೈ ಮಾಯ ಆಗತ್ತೆ, ಹೆದರಬೇಡಿ. ಈಗ ಮೈನಸ್ ಆರ್ ಬಿಟ್ಟು ಅದೇ ಸಾಲು, ಕೊನೇಲಿ ಆ್ಯಂಟ್ ಅಂಡರ್‌ಸ್ಕೋರ್ ಸೆಲ್ ಈಕ್ವಲ್ ಟು 2. ಈಕ್ವಲ್ ಟು ಅಕ್ಕಪಕ್ಕ ಸ್ಪೇಸ್ ಬೇಡ. 2ರಲ್ಲಿ ಆಗದಿದ್ದರೆ 1."

"ಮೈನಸ್ 49!" ಶಾಮಣ್ಣ ಎದ್ದೇ ಬಿಟ್ಟರು.

"ಕೂತ್ಕೊಳ್ಳಿ, ರೀಬೂಟ್ ಮಾಡಿದರೆ ಹೋಗತ್ತೆ. ಇಟಿಸಿ ಒಳಗೆ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರಿನಲ್ಲಿ ಒಂದು ಕಡತ ಮಾಡಿ. ಹೆಸರು ಏನಾದರೂ ಇರಲಿ, ಕೊನೆ ಡಾಟ್ ಕಾನ್ಫ್ ಅಂತಿರಬೇಕು, ಇಲ್ಲದಿದ್ದರೆ ಅದನ್ನ ಓದೋದೇ ಇಲ್ಲ. ಒಳಗೆ ಒಂದೇ ಸಾಲು: ಆಪ್ಷನ್ಸ್, ಆರ್‌ಟಿಎಲ್8723ಬಿಇ, ಆಮೇಲೆ ಈಗ ಹಾಕಿದ್ದು. ಇನ್ನೊಂದು ಮಾತು, ಈ ಚಿಪ್ಪಿಗೆ 2.4 ಗಿಗಾಹರ್ಟ್ಸ್ ಬಿಟ್ಟರೆ ಬೇರೆ ಗೊತ್ತಿಲ್ಲ. 5 ಕಾಣಲಿಲ್ಲ ಅಂತ ನಾಣಿಗೆ ಫೋನ್ ಮಾಡಬೇಡಿ."

ಶಾಮಣ್ಣ ಲ್ಯಾಪ್‌ಟಾಪ್ ಎತ್ತಿಕೊಂಡು ಒಂದೊಂದು ಕೋಣೆಗೂ ಹೋಗಿ ನಂಬರ್ ಕೂಗತೊಡಗಿದರು. ಮೈನಸ್ 55. ಮೈನಸ್ 61.

"ಈ 1, 2 ಅನ್ನೋದು ಯಾರಿಗೆ ಹೊಳೀತು ಅಕ್ಕ?" ಅಂದ ನಾಣಿ. "ಕಂಪನಿಯವರಿಗಾ?"

"ಲ್ಯಾರಿ ಫಿಂಗರ್ ಅಂತಿದ್ದರು. 2016ರಲ್ಲಿ ಅವರೇ ಸೇರಿಸಿದ್ದು. ಬ್ರಾಡ್‌ಕಾಮ್ ಚಿಪ್ಪಿನ ಕಾಲದಿಂದ ಇದೇ ಕೆಲಸ ಮಾಡ್ಕೊಂಡು ಬಂದವರು. ಆಗ ಕಂಪನಿ ವಿವರ ಕೊಡ್ತಿರಲಿಲ್ಲ. ಒಂದು ಗುಂಪು ಕಂಪನಿಯ ಮುಚ್ಚಿದ ಡ್ರೈವರ್ ಬಿಡಿಸಿ ಅದು ಏನು ಮಾಡತ್ತೆ ಅಂತ ಬರೆದಿಡೋದು, ಇನ್ನೊಂದು ಗುಂಪು ಬರೀ ಅದನ್ನ ಓದಿ ಹೊಸದಾಗಿ ಡ್ರೈವರ್ ಬರೆಯೋದು. ಹಾಗೆ ಆ ಡ್ರೈವರ್ 2006ರಲ್ಲಿ ಕರ್ನಲ್ ಸೇರಿತು. ಬ್ರಾಡ್‌ಕಾಮ್ ತಾನಾಗೇ ಮುಕ್ತ ಡ್ರೈವರ್ ಕೊಟ್ಟಿದ್ದು 2010ರಲ್ಲಿ."

"ಈಗೆಲ್ಲಿದಾರೆ?"

"2024ರಲ್ಲಿ ತೀರಿಕೊಂಡರು."

ನಾಣಿ ಪೆನ್‌ಡ್ರೈವನ್ನು ಬೆರಳಲ್ಲಿ ಆಡಿಸುತ್ತ ಸ್ವಲ್ಪ ಹೊತ್ತು ಕೂತ. "ನಾನು ಅಷ್ಟು ಡಿಸ್ಟ್ರೋ ಹಾಕಿದೀನಿ. ಎಲ್ಲದರಲ್ಲೂ ಅವರು ಬರೆದಿದ್ದು ಇತ್ತು ಅಂತಾಯ್ತಲ್ಲ."

"ಇತ್ತು. ನೀನು ಪ್ರತಿ ಸಲ ಫಾರ್ಮ್ಯಾಟ್ ಮಾಡಿ ಮತ್ತೆ ಅವರನ್ನೇ ಕರಕೊಂಡು ಬರ್ತಿದ್ದೆ. ಇನ್ನೊಬ್ಬರು ಯಾರಾದರೂ ಇದೇ ಚಿಪ್ಪು ಹಿಡ್ಕೊಂಡು ಒದ್ದಾಡ್ತಿದ್ದರೆ ನಂಬರ್ ಸಮೇತ ಹೇಳು. ಆಯ್ತು, ಸರಿಹೋಯ್ತು ಅಂತ ಬರೆದು ಓಡಿಹೋಗೋರೇ ಜಾಸ್ತಿ. ಏನು ಮಾಡಿದ್ದಕ್ಕೆ ಸರಿಹೋಯ್ತು ಅಂತ ಬರೆಯೋರಿಲ್ಲ."

"ಮೈನಸ್ 67! ಹಿತ್ತಲಲ್ಲೂ ಬರ್ತಿದೆ!" ಶಾಮಣ್ಣನ ದನಿ ದೂರದಿಂದ ಬಂತು.

"ಅಕ್ಕ," ಅಂದ ಗುಂಡ, "ನನ್ನದಕ್ಕೂ ಆ ಸಾಲು ಅಂಟಿಸಿದೆ. ನನ್ನ ಇಂಟೆಲ್ ಡ್ರೈವರ್ ಐಡಬ್ಲ್ಯುಎಲ್‌ವೈಫೈಗೆ ಆ್ಯಂಟ್ ಸೆಲ್ 2. ಡಿಮೆಸೇಜ್‌ನಲ್ಲಿ ಅನ್‌ನೋನ್ ಪ್ಯಾರಾಮೀಟರ್, ಇಗ್ನೋರ್ಡ್ ಅಂತ ಬಂತು. ಏನರ್ಥ?"

"ಇಂಥದ್ದೊಂದು ನನಗೆ ಗೊತ್ತೇ ಇಲ್ಲ, ನೀನು ಹೇಳಿದ್ದು ಕಿವಿಗೆ ಹಾಕ್ಕೊಳ್ಳಲಿಲ್ಲ ಅಂತ. ಪುಣ್ಯಾತ್ಮ ಕರ್ನಲ್ಲು. ಮಾಡ್‌ಇನ್ಫೋ ಮೈನಸ್ ಪಿ ಹೊಡೆದು ಮಾಡ್ಯೂಲಿನ ಹೆಸರು ಕೊಡು, ಅದು ಏನೇನು ಕೇಳಿಸ್ಕೊಳ್ಳತ್ತೆ ಅಂತ ಪಟ್ಟಿ ಬರತ್ತೆ. ಅದನ್ನ ಓದೋ ತನಕ ಏನೂ ಅಂಟಿಸಬೇಡ. ಮೊದಲು ಆ 11ಎನ್ ಸಾಲು ಅಳಿಸು."

"ಅಳಿಸಿದರೆ ಮತ್ತೆ ಕಟ್ ಆದರೆ?"

"ಆಗ ಆರ್ಚ್ ಹಾಕೋಣ," ಅಂದ ನಾಣಿ, ಅಭ್ಯಾಸಬಲದಿಂದ.