ಬೆಟ್ಟದಲ್ಲಿ ಆರಾಮ, ಬಯಲಲ್ಲಿ ಮಂಡಿ ನೋವು: ಮೊದಲ 200 ಕಿ.ಮೀ. ಬ್ರೆವೆಗೆ ತಯಾರಿ

ಸುಂಟಿಕೊಪ್ಪ_ಸವಾರ:
ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಹೊರಡುವ 200 ಕಿ.ಮೀ. ಬ್ರೆವೆಗೆ, ಅಂದರೆ ಇಂತಿಷ್ಟು ಗಂಟೆಯೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಹೆಸರು ಕೊಟ್ಟಿದ್ದೇನೆ. ಇನ್ನು ಆರು ವಾರ ಇದೆ. ಇಷ್ಟು ದೂರದ ಸವಾರಿ ಇದೇ ಮೊದಲು.

ಸಮಸ್ಯೆ ಸ್ವಲ್ಪ ವಿಚಿತ್ರ. ಮಡಿಕೇರಿಗೆ ಹತ್ತಿ ಇಳಿಯುವುದು, ಮೂರ್ನಾಡು ಸುತ್ತಿ ಬರುವುದು, ಇದೆಲ್ಲ ಆರಾಮ. ಏರಲ್ಲಿ ಏದುಸಿರು ಬರುತ್ತದೆ, ಆದರೆ ನೋವು ಅಂತ ಎಲ್ಲೂ ಇಲ್ಲ. ಕುಶಾಲನಗರ ದಾಟಿ ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ಕಡೆ ಹೋದರೆ ಮಾತ್ರ 60 ಕಿ.ಮೀ. ಆಗುವಷ್ಟರಲ್ಲಿ ಬಲ ಮಂಡಿಯ ಮುಂಭಾಗದಲ್ಲಿ, ಚಿಪ್ಪಿನ ಕೆಳಗೆ ಚುಚ್ಚಲು ಶುರು. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ವಾಪಸ್ ಬರುವಾಗ ಕಾಲಲ್ಲಿ ಶಕ್ತಿಯೇ ಇರುವುದಿಲ್ಲ. ಗುಡ್ಡ ಹತ್ತುವವನಿಗೆ ಬಯಲು ಕಷ್ಟ ಆಗೋದು ಹೇಗೆ? ಸೈಕಲ್ ಹೈಬ್ರಿಡ್ (ರೋಡ್ ಸೈಕಲ್, ಮೌಂಟನ್ ಸೈಕಲ್ ಎರಡರ ನಡುವಿನದು), ಮುಂದೆ ಮೂರು ಹಿಂದೆ ಎಂಟು ಗೇರ್.

ಮಂಜು_ಮಳೆ:
ಸ್ಟ್ಯಾಮಿನಾ ಸಾಲದು ಅಷ್ಟೇ. ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ. ಏರು, ವಾರಕ್ಕೆರಡು ಸಲ ಹತ್ತಿ. ಜೊತೆಗೆ ಒಂದು ಜೆಲ್ ಸೀಟ್ ಕವರ್ ಹಾಕಿಸಿ, ಎಲ್ಲ ಸರಿ ಹೋಗುತ್ತೆ.

ಹಳೇಚೈನ್:
ಮಂಡಿ ನೋವಿದ್ದವರನ್ನು ತಲಕಾವೇರಿ ಹತ್ತಿಸೋದಾ ಮಾರಾಯ್ರೆ! ಸ್ವಲ್ಪ ತಡೀರಿ.

ಸವಾರರೇ, ಎರಡು ವಿಷಯ ಹೇಳಿ. ಬಯಲಲ್ಲಿ ಯಾವ ಗೇರ್‌ನಲ್ಲಿ ಹೋಗ್ತೀರಿ? ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಮಂಡಿ ನೆಟ್ಟಗಾಗುತ್ತಾ?

ಸುಂಟಿಕೊಪ್ಪ_ಸವಾರ:
ಮುಂದೆ ದೊಡ್ಡದು, ಹಿಂದೆ ಚಿಕ್ಕದು. ಅಂದರೆ ಹಲ್ಲಿನ ಲೆಕ್ಕದಲ್ಲಿ 48-11. ವೇಗ 25ರ ಆಸುಪಾಸು. ಗೋಡೆಗೆ ಒರಗಿ ಹಿಮ್ಮಡಿ ಇಟ್ಟು ನೋಡಿದೆ, ಮಂಡಿ ಸಾಕಷ್ಟು ಮಡಚಿಕೊಂಡೇ ಇರುತ್ತದೆ. ನಿಂತಾಗ ಎರಡೂ ಕಾಲು ನೆಲಕ್ಕೆ ತಾಗಲಿ ಅಂತ ಅಂಗಡಿಯಲ್ಲಿ ಹಾಗೆ ಇಟ್ಟುಕೊಟ್ಟಿದ್ದರು.

ಹಳೇಚೈನ್:
ಹಾಗಾದರೆ ನಿಮ್ಮ ದಮ್ಮಿಗೆ ಏನೂ ಆಗಿಲ್ಲ.

ನಮ್ಮ ಕೊಡಗಿನ ರಸ್ತೆಯಲ್ಲಿ ಒಂದೇ ಸಮ ಪೆಡಲ್ ತುಳಿಯುವುದೇ ಇಲ್ಲ, ಗಮನಿಸಿ. ಹತ್ತುತ್ತೀರಿ, ಎದ್ದು ನಿಂತು ತುಳಿಯುತ್ತೀರಿ, ತಿರುವು ಬಂತು ಅಂದರೆ ಇಳಿಜಾರು, ಕಾಲಿಗೆ ಬಿಡುವು. ಕೂರುವ ಭಂಗಿ ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಏರಿನಲ್ಲಿ ಹಗುರ ಗೇರ್ ಹಾಕಲೇಬೇಕು, ಹಾಗಾಗಿ ಮಂಡಿಯೂ ಬಚಾವ್. ಬಯಲಲ್ಲಿ ಇದು ಯಾವುದೂ ಇಲ್ಲ. ಒಂದೇ ಭಂಗಿ, ಒಂದೇ ಗೇರ್, ಗಂಟೆಗೆ ಸಾವಿರಗಟ್ಟಲೆ ಸುತ್ತು. ಸೀಟು ತಗ್ಗಿದ್ದರೆ ಮಂಡಿ ಅಷ್ಟೂ ಸಲ ಜಾಸ್ತಿ ಮಡಚಿದ ಸ್ಥಿತಿಯಲ್ಲೇ ಭಾರ ತಳ್ಳುತ್ತದೆ. ಮುಂಭಾಗದ ನೋವಿಗೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಹಿಂಭಾಗದಲ್ಲಿ ನೋವಿದ್ದಿದ್ದರೆ ಸೀಟು ಎತ್ತರ ಜಾಸ್ತಿ ಆಯ್ತೇನೋ ಅನ್ನುತ್ತಿದ್ದೆ.

ಗೇರ್ ಲೆಕ್ಕವೂ ನೋಡಿ. 48-11ರಲ್ಲಿ 25 ಕಿ.ಮೀ. ವೇಗ ಅಂದರೆ ನಿಮಿಷಕ್ಕೆ ಸುಮಾರು 44 ಸುತ್ತು. ಪ್ರತಿ ಸುತ್ತಿಗೂ ಮಣಭಾರ. ಅದೇ ವೇಗ ಮುಂದೆ ಮಧ್ಯದ 38, ಹಿಂದೆ 16ರಲ್ಲಿ ಅಂದರೆ 80 ಸುತ್ತು. ಸುತ್ತು ಜಾಸ್ತಿ, ಪ್ರತಿ ತುಳಿತಕ್ಕೆ ಹಾಕುವ ಬಲ ಕಡಿಮೆ. ಮೀಟರ್ ಏನೂ ಬೇಡ. ಬಲಗಾಲು 15 ಸೆಕೆಂಡಿಗೆ ಎಷ್ಟು ಸಲ ಕೆಳಗೆ ಬಂತು ಎಣಿಸಿ, 20 ಬಂದರೆ 80. ಮೊದಲೆರಡು ವಾರ ಕಾಲು ಗಾಳಿಯಲ್ಲಿ ತಿರುಗಿದ ಹಾಗೆ ಅನ್ನಿಸುತ್ತದೆ, ಬಿಡಬೇಡಿ.

ಸೀಟು ಏರಿಸುವಾಗ ಈಗಿರುವ ಎತ್ತರಕ್ಕೆ ಸೀಟ್ ಪೋಸ್ಟ್ (ಸೀಟಿನ ಕೆಳಗಿನ ಕೊಳವೆ) ಸುತ್ತ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿ. ಒಂದು ಸಲಕ್ಕೆ 5 ಮಿ.ಮೀ. ಸಾಕು. ಒಂದೆರಡು ಸವಾರಿ ಮಾಡಿ, ಮತ್ತೆ 5. ಹಿಮ್ಮಡಿ ಇಟ್ಟಾಗ ಮಂಡಿ ನೆಟ್ಟಗಾಗಬೇಕು, ಸೊಂಟ ಆಕಡೆ ಈಕಡೆ ವಾಲಬಾರದು. ಇಷ್ಟಾದರೂ ಒಳಗಿರಬೇಕು ಅಂತ ಪೋಸ್ಟ್ ಮೇಲೆ ಕೊರೆದಿರುವ ಗುರುತು ಹೊರಗೆ ಕಂಡರೆ ನಿಲ್ಲಿಸಿ, ಉದ್ದದ ಪೋಸ್ಟ್ ಬೇಕಾಗುತ್ತದೆ. ಇನ್ನು ಮುಂದೆ ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದೇ ಕಾಲು ಊರಬೇಕು.

ಜೆಲ್ ಕವರ್ ಬೇಡ. ದೂರದ ಸವಾರಿಯಲ್ಲಿ ಅದು ಜಾರುತ್ತದೆ, ಚರ್ಮಕ್ಕೆ ಉಜ್ಜುತ್ತದೆ. ಆ ದುಡ್ಡಿಗೆ ಪ್ಯಾಡ್ ಇರುವ ಚಡ್ಡಿ ತಗೊಳ್ಳಿ. ಮಂಡಿ ಊದಿಕೊಂಡರೆ, ಅಥವಾ ಮೆಟ್ಟಿಲು ಇಳಿಯುವಾಗಲೂ ನೋವಿದ್ದರೆ, ಇಲ್ಲಿ ಕೇಳುವುದು ಬಿಟ್ಟು ಡಾಕ್ಟರಿಗೆ ತೋರಿಸಿ.

ಗೋಣಿಕೊಪ್ಪ_ಅಕ್ಕ:
ಶಕ್ತಿ ಇಲ್ಲ ಅಂದಿರಲ್ಲ, ದಾರಿಯಲ್ಲಿ ಏನು ತಿಂದಿರಿ?

ಸುಂಟಿಕೊಪ್ಪ_ಸವಾರ:
ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ. ಆಮೇಲೆ ಪಿರಿಯಾಪಟ್ಟಣದಲ್ಲಿ ಒಂದು ಕಾಫಿ. ನೀರು ಒಂದು ಬಾಟಲಿ, ಅದೂ ಪೂರ್ತಿ ಮುಗಿದಿರಲಿಲ್ಲ ಅಕ್ಕ.

ಗೋಣಿಕೊಪ್ಪ_ಅಕ್ಕ:
ಅಯ್ಯೋ, ಅಷ್ಟು ದೂರಕ್ಕೆ ಇಷ್ಟೇನಾ! ಇಲ್ಲಿನ ತಂಪಿನಲ್ಲಿ ಬಾಯಾರುವುದೇ ಇಲ್ಲ, ಆ ಅಭ್ಯಾಸ ಬಯಲಿಗೂ ಬರುತ್ತದೆ. ಹುಣಸೂರು ರಸ್ತೆಯಲ್ಲಿ ಹನ್ನೊಂದು ಗಂಟೆ ಬಿಸಿಲು ಬೇರೆಯದೇ ಕಥೆ. ಹಸಿವಾಗಲಿ ಅಂತ ಕಾಯಬೇಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ, ಜೊತೆಗೆ ಒಂದು ಚಿಕ್ಕಿ. ಕಾಲು ಗಂಟೆಗೊಮ್ಮೆ ಎರಡು ಗುಟುಕು ನೀರು, ಒಂದು ಬಾಟಲಿಯಲ್ಲಿ ಓಆರ್‌ಎಸ್. ಹಿಂದಿನ ರಾತ್ರಿ ಪಂದಿಕರಿ ಇಟ್ಟುಕೊಳ್ಳಬೇಡಿ, ಅದು ಮುಗಿಸಿ ಬಂದ ಮೇಲಿನ ಊಟ!

ವೇಗದ ಬಗ್ಗೆಯೂ ಒಂದು ಮಾತು. 200ಕ್ಕೆ 13 ಗಂಟೆ 30 ನಿಮಿಷ ಕೊಡುತ್ತಾರೆ. 20ರ ವೇಗದಲ್ಲಿ ಹೋದರೆ ಹತ್ತು ಗಂಟೆ ಸಾಕು, ಮೂರೂವರೆ ಗಂಟೆ ನಿಲ್ಲೋಕೆ, ತಿನ್ನೋಕೆ. ಬ್ರೆವೆಯಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಅಂತ ಏನೂ ಇಲ್ಲ. 25ರಲ್ಲಿ ಓಡಿಸುವುದು ಯಾರಿಗಾಗಿ? ಆದರೆ ದಾರಿಯಲ್ಲಿ ಹಾಜರಿ ಹಾಕಿಸುವ ಒಂದೊಂದು ಕಂಟ್ರೋಲ್‌ಗೂ ಮುಚ್ಚುವ ಸಮಯ ಇರುತ್ತದೆ, ಹೋಟೆಲಲ್ಲಿ ಕೂತುಬಿಡಬೇಡಿ.

ವಾರಕ್ಕೊಂದು ಉದ್ದದ ಸವಾರಿ ಇರಲಿ. 80, 100, 120, ಒಂದು ವಾರ ಕಡಿಮೆ ಮಾಡಿ ವಿಶ್ರಾಂತಿ, ಆಮೇಲೆ 140. ಕೊನೇ ವಾರ ಸುಮ್ನೆ ಕಾಲಾಡಿಸಿದರೆ ಸಾಕು. ಮೊದಲೇ 200 ಹೊಡೆದು ನೋಡುವ ಅಗತ್ಯ ಇಲ್ಲ.

ಸುಂಟಿಕೊಪ್ಪ_ಸವಾರ:
ವರದಿ ಒಪ್ಪಿಸುತ್ತಿದ್ದೇನೆ. ಸೀಟು ಒಟ್ಟು 20 ಮಿ.ಮೀ. ಏರಿದೆ. ಮಧ್ಯದ ಗೇರಲ್ಲೇ ಹುಣಸೂರಿಗೆ ಹೋಗಿ ಬಂದೆ. ಮಂಡಿ ಚುಚ್ಚಲಿಲ್ಲ, ಶಕ್ತಿಯೂ ಉಳಿದಿತ್ತು. ಆದರೆ ಕೈ ಜೋಮು ಮೊದಲಿಗಿಂತ ಜಾಸ್ತಿ ಆಗಿದೆ! ಯಾಕೆ?

ಹಳೇಚೈನ್:
ಸೀಟು ಏರಿತು, ಹ್ಯಾಂಡಲ್ ಇದ್ದಲ್ಲೇ ಇದೆ. ಹಾಗಾಗಿ ಮೈಭಾರ ಅಂಗೈ ಮೇಲೆ ಬಿತ್ತು. ಆ ಎರಡು ಬೆರಳಿನ ನರ ಅಂಗೈಯ ಹೊರ ಅಂಚಿನಲ್ಲೇ ಹೋಗುತ್ತದೆ, ಅದು ಒತ್ತಿದರೆ ಜೋಮು. ಸೀಟಿನ ಮೂಗು ಕೆಳಗೆ ಬಾಗಿದೆಯಾ? ಮನೆಯಲ್ಲಿ ರಸಮಟ್ಟ ಇದ್ದರೆ ಮೇಲಿಟ್ಟು ನೋಡಿ, ಸಮ ಮಾಡಿ.

ಆಮೇಲೆ ಸ್ಟೆಮ್ (ಹ್ಯಾಂಡಲ್ ಹಿಡಿದಿರುವ ತುಂಡು) ಮೇಲೆ ಸ್ಪೇಸರ್ ಉಂಗುರ ಇದ್ದರೆ ಅದನ್ನು ಸ್ಟೆಮ್ ಕೆಳಗೆ ಹಾಕಿ, ಹ್ಯಾಂಡಲ್ ಅಷ್ಟು ಮೇಲೆ ಬರುತ್ತದೆ. ಮತ್ತೆ ಕೂರಿಸುವಾಗ ಮೊದಲು ಮೇಲಿನ ಮುಚ್ಚಳದ ಬೋಲ್ಟ್, ಹ್ಯಾಂಡಲ್ ಅಲುಗಾಡದೆ ಸಲೀಸಾಗಿ ತಿರುಗುವಷ್ಟು ಮಾತ್ರ. ಆಮೇಲೆ ಪಕ್ಕದ ಬೋಲ್ಟುಗಳು. ಹೈಬ್ರಿಡ್‌ಗೆ ಬಾರ್ ಎಂಡ್ (ಹ್ಯಾಂಡಲ್ ತುದಿಗೆ ಕೂರಿಸುವ ಕೊಂಬು) ಹಾಕಿಸಿಕೊಂಡರೆ ಕೈ ಬದಲಾಯಿಸಲು ಇನ್ನೊಂದು ಜಾಗ ಸಿಗುತ್ತದೆ. ಮೊಣಕೈ ಬಿಗಿ ಹಿಡಿಯಬೇಡಿ.

ಸುಂಟಿಕೊಪ್ಪ_ಸವಾರ:
ಮೂಗು ಕೆಳಗೇ ಇತ್ತು ಅಣ್ಣ. ಸಮ ಮಾಡಿ, ಬಾರ್ ಎಂಡ್ ಹಾಕಿಸಿದೆ. 100 ಕಿ.ಮೀ. ಆದ ಮೇಲೂ ಬೆರಳಿಗೆ ಬರೀ ಸ್ವಲ್ಪ ಚಿಮಿಚಿಮಿ, ಅಷ್ಟೇ. ಮುಂದಿನ 140ಕ್ಕೆ ನೆರಳಿರುತ್ತೆ ಅಂತ ಗೋಣಿಕೊಪ್ಪ, ತಿತಿಮತಿ ಮೇಲೆ ಹುಣಸೂರಿಗೆ ಹೋಗಬಹುದಾ? ನಸುಕಿಗೇ ಹೊರಡಬೇಕು ಅಂತಿದ್ದೇನೆ.

ಗೋಣಿಕೊಪ್ಪ_ಅಕ್ಕ:
ನಸುಕಿಗೆ ಆ ಕಡೆ ಬೇಡವೇ ಬೇಡ. ತಿತಿಮತಿಯಿಂದ ಆನೆಚೌಕೂರು ದಾಟುವವರೆಗೂ ಕಾಡು, ಆನೆ ರಸ್ತೆಗೆ ಬರುವ ಜಾಗ. ಸೈಕಲ್ ಸದ್ದೇ ಮಾಡುವುದಿಲ್ಲ, ತಿರುವಿನಲ್ಲಿ ಎದುರಾದರೆ ಅದಕ್ಕೂ ಗಾಬರಿ, ನಿಮಗೂ ಗಾಬರಿ. ಕುಶಾಲನಗರದ ಹೆದ್ದಾರಿಯಲ್ಲೇ ಹೋಗಿ, ಮೈಸೂರಿನ ಕಡೆ ಇನ್ನಷ್ಟು ಮುಂದುವರಿದು ವಾಪಸ್ ತಿರುಗಿ. ಬ್ರೆವೆಗೆ ಹಾಕುವ ಹೆಲ್ಮೆಟ್, ಲೈಟು, ರಿಫ್ಲೆಕ್ಟಿವ್ ಜಾಕೆಟ್ಟನ್ನೇ ಅವತ್ತೂ ಹಾಕಿಕೊಳ್ಳಿ. ಬ್ರೆವೆಯ ದಿನ ಬೆಳಿಗ್ಗೆ 6ಕ್ಕೆ ಹೊರಟರೆ ಸಮಯ ಮುಗಿಯೋದು ಸಂಜೆ 7:30ಕ್ಕೆ, ಕೊನೆಯ ಭಾಗ ಕತ್ತಲಲ್ಲೇ. ಲೈಟಿನ ಚಾರ್ಜ್ ಎಷ್ಟು ಹೊತ್ತು ಬರುತ್ತೆ ಅಂತಲೂ ಈ 140ರಲ್ಲೇ ಗೊತ್ತಾಗುತ್ತೆ.